ಬಾಂಗ್ಲಾದೇಶದ ಗಾರ್ಮೆಂಟ್ಸ್ ಕಾರ್ಖಾನೆ: ಸುರಕ್ಷತಾ ಸಮಿತಿಯವರು ತಪಾಸಣೆ ಮಾಡುವ ಬಗೆ

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿ ಇರಬೇಕೆಂಬುದು ಬಾಂಗ್ಲಾದೇಶದ ಕಾರ್ಮಿಕ ಕಾನೂನಿಗೆ 2013ರಲ್ಲಿ ಸೇರಿದ ನಿಯಮ. ಸಮಿತಿಯ ಸದಸ್ಯರು ತಪಾಸಣೆಗೆ ಆರಿಸಿಕೊಳ್ಳಬೇಕಾದದ್ದು ಯಂತ್ರಗಳೆಲ್ಲ ಓಡುತ್ತಿರುವ, ಮಾಲು ಕಳಿಸುವ ಗಡುವು ಸಮೀಪಿಸಿದ ದಿನವನ್ನು. ಗುಡಿಸಿ ಸಿಂಗರಿಸಿದ ದಿನ ನೋಡಿದರೆ ಏನೂ ಕಾಣಸಿಗದು.

ಮೇಲಿನ ಮಹಡಿಯಲ್ಲಿ ಬಾಗಿಲಿಗೆ ಎಲ್ಲಕ್ಕಿಂತ ದೂರವಿರುವ ಹೊಲಿಗೆ ಯಂತ್ರದ ಬಳಿಯಿಂದ ಹೊರಟು, ಕಟ್ಟಡದ ಹೊರಗಿನ ಬಯಲಿನವರೆಗೆ ನೀವೇ ನಡೆದು ನೋಡಿ. ದಾರಿಗೆ ಅಡ್ಡವಾಗಿರುವ ಬಟ್ಟೆಯ ಗಂಟು, ರಟ್ಟಿನ ಪೆಟ್ಟಿಗೆಗಳನ್ನು ಜಾಗದ ಸಮೇತ ಬರೆದುಕೊಳ್ಳಿ. ಬಾಗಿಲು ಹೊರಮುಖವಾಗಿ, ಕೀಲಿಯಿಲ್ಲದೆ, ಒಳಗಿನಿಂದ ತೆರೆಯುವಂತಿರಬೇಕು. "ಕೀಲಿ ಕಾವಲುಗಾರನ ಹತ್ತಿರವೇ ಇದೆ" ಎಂದು ಯಾರಾದರೂ ಹೇಳಿದರೆ ಬಾಗಿಲಿಗೆ ಬೀಗವಿದೆ ಎಂದೇ ದಾಖಲಿಸಿ. ಬಟ್ಟೆ ಕಳವಾದೀತೆಂಬ ಭಯ ಅದಕ್ಕೆ ಸಮರ್ಥನೆಯಲ್ಲ. ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ ಎಂಬುದನ್ನೂ ಗಮನಿಸಿ. 2012ರ ನವೆಂಬರ್ 24ರಂದು ಆಶುಲಿಯಾದ ತಜ್ರೀನ್ ಕಾರ್ಖಾನೆಯಲ್ಲಿ ಸರಕು ತುಂಬಿದ್ದ ನೆಲಮಹಡಿಯಲ್ಲೇ ಬೆಂಕಿ ಹತ್ತಿಕೊಂಡಿತು. ಮೆಟ್ಟಿಲುಗಳು ಇಳಿಯುತ್ತಿದ್ದುದೂ ಅಲ್ಲಿಗೇ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಗೋದಾಮಿಗೂ ಮೆಟ್ಟಿಲಿಗೂ ನಡುವೆ ಬೆಂಕಿ ತಡೆಯುವ ಗೋಡೆ, ಬಾಗಿಲು ಇರಲೇಬೇಕು.

ಕಂಬಗಳಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆಯಿರಿ; ಗೆರೆ ದಾಟಿ ಬಿರುಕು ಬೆಳೆದರೆ ಅಲ್ಲಗಳೆಯಲು ಯಾರಿಗೂ ಆಗದು. ಆದರೆ ಅದು ಗಾರೆಯದೋ ಕಂಬದ್ದೋ ಎಂದು ತೀರ್ಮಾನಿಸುವುದು ಸಮಿತಿಯ ಕೆಲಸವಲ್ಲ, ಕಟ್ಟಡದ ಎಂಜಿನಿಯರ್ ಬಂದು ಹೇಳುವವರೆಗೆ ಜನ ಹೊರಗಿರಬೇಕು. ಜನರೇಟರ್ ಯಾವ ಮಹಡಿಯಲ್ಲಿದೆ, ಮಂಜೂರಾದ ನಕ್ಷೆಗಿಂತ ಹೆಚ್ಚು ಮಹಡಿಗಳಿವೆಯೇ ಎಂಬುದನ್ನೂ ಕೇಳಿ. ಸಾವರ್‌ನ ರಾಣಾ ಪ್ಲಾಜಾದಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಂಡಾಗ ಕೆಳಗಿದ್ದ ಬ್ಯಾಂಕ್ ತನ್ನ ನೌಕರರನ್ನು ಮನೆಗೆ ಕಳಿಸಿತು. ಹೊಲಿಗೆಯವರನ್ನು ಮರುದಿನ ಸಂಬಳ ಕಡಿತದ ಬೆದರಿಕೆಯೊಡ್ಡಿ ಒಳಗೆ ಕರೆಯಲಾಯಿತು. ಬೆಳಗ್ಗೆ ಕರೆಂಟು ಹೋಗಿ ಮೇಲಿನ ಮಹಡಿಗಳ ಜನರೇಟರ್‌ಗಳು ಶುರುವಾದ ಸ್ವಲ್ಪದರಲ್ಲೇ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು.

ಆದ್ದರಿಂದ ಸಂಬಳದ ಪುಸ್ತಕವನ್ನೂ ಸುರಕ್ಷತೆಯ ದಾಖಲೆಯೆಂದೇ ಓದಬೇಕೆಂಬುದು ನನ್ನ ಅಭಿಪ್ರಾಯ. ಹಿಂದಿನ ಸಲ ಅಪಾಯದ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸಿದ ಹೊತ್ತಿಗೆ ಕೂಲಿ ಕೊಟ್ಟಿದ್ದಾರೆಯೇ? ಆ ದಿನದ ಟಾರ್ಗೆಟ್ ಇಳಿಸಿದ್ದಾರೆಯೇ? ಇಳಿಸಿರದಿದ್ದರೆ ಮುಂದಿನ ಸಲ ಗಂಟೆ ಬಾರಿಸಿದಾಗ ಕಾರ್ಮಿಕರು ಏಳುವುದು ತಡವಾಗುತ್ತದೆ. ಇದನ್ನು ಸೂಪರ್‌ವೈಸರ್ ಎದುರಿಗೆ ಕೇಳಬಾರದು. ಊಟದ ಬಿಡುವಿನಲ್ಲಿ, ಹೆಲ್ಪರ್‌ಗಳನ್ನೂ ಸೇರಿಸಿಕೊಂಡು ಕೇಳಿ. ಶೌಚಾಲಯಕ್ಕೆ ಹೋಗಲು ಅಪ್ಪಣೆ ಬೇಕೇ, ಕುಡಿಯುವ ನೀರು ಎಷ್ಟು ದೂರ ಎಂಬುದೂ ಅದೇ ಮಾತಿನಲ್ಲಿ ತಿಳಿಯುತ್ತದೆ.

ಸೂಜಿಯ ಬೆರಳುಗಾಪು, ಕಟಿಂಗ್‌ನವರ ಲೋಹದ ಕೈಗವಸು ಇವೆಯೇ ಎಂಬುದಕ್ಕೆ ಒಂದು ಸುತ್ತು ಸಾಕು.

ವರದಿಯಲ್ಲಿ ಮಹಡಿ, ಬಾಗಿಲು, ಸಮಯ ಮೂರನ್ನೂ ನಮೂದಿಸಿ, ಆಡಳಿತದವರ ಸಹಿ ಪಡೆದು, ಒಂದು ಪ್ರತಿ ನಿಮ್ಮಲ್ಲಿರಲಿ. ಸರಿಪಡಿಸದಿದ್ದರೆ, ಕಾರ್ಖಾನೆಯು ಆರ್‌ಎಂಜಿ (ಸಿದ್ಧ ಉಡುಪು) ಸಸ್ಟೈನಬಿಲಿಟಿ ಕೌನ್ಸಿಲ್‌ನ, ಅಂದರೆ ಬ್ರ್ಯಾಂಡ್‌ಗಳು, ಮಾಲೀಕರು, ಕಾರ್ಮಿಕ ಸಂಘಗಳು ಸೇರಿ ನಡೆಸುವ ಸುರಕ್ಷತಾ ಸಂಸ್ಥೆಯ, ವ್ಯಾಪ್ತಿಯಲ್ಲಿದ್ದ ಪಕ್ಷದಲ್ಲಿ, ಹೆಸರು ಗುಟ್ಟಾಗಿಟ್ಟು ಅಲ್ಲಿ ದೂರು ಕೊಡಬಹುದು. ಮುಂದಿನ ವಾರ ಅದೇ ಯಂತ್ರದ ಬಳಿಯಿಂದ ಮತ್ತೆ ನಡೆಯಲು ಆರಂಭಿಸಿ.