ಪೋರ್ ಓವರ್ ಕಾಫಿಗಿ ಬೋರ್ ನೀರು ಒಂದು ಪಾಲು ಸಾಕು
ವಿ60 (ಪುಡಿ ಮ್ಯಾಲ ಬಿಸಿನೀರು ಸುರಿದು ಸೋಸೋ ಶಂಕು), ಏರೋಪ್ರೆಸ್‌ (ಕೈಲೆ ಒತ್ತಿ ಕಾಫಿ ಇಳಿಸೋ ಕೊಳವಿ) ಇವುಗಳಾಗ ಹಾಲಿಲ್ಲದ ಕಾಫಿ ಮಾಡೋರು ಬರೇ ಬೋರ್ ನೀರೂ ಹಾಕಬ್ಯಾಡ್ರಿ, ಬರೇ ಆರ್‌ಓ ನೀರೂ ಬ್ಯಾಡ. ಮೂರು ಪಾಲು ಆರ್‌ಓಗೆ ಒಂದು ಪಾಲು ಬೋರ್ ನೀರು ಬೆರಸಿ ಕಾಸ್ರಿ. ಕಲಬುರಗಿ ಜಿಲ್ಲಾದ ಶಹಾಬಾದ್, ಸೇಡಂ ಕಡಿ ನೆಲದಾಗ ಸುಣ್ಣದಕಲ್ಲು ಅದ, ಅದಕ್ಕ ಬೋರ್ ನೀರು ಗಡಸು. ಗಡಸು ನೀರಿನ ಬೈಕಾರ್ಬೊನೇಟು ಕಾಫಿಯ ಹುಳಿ ನುಂಗಿ ರುಚಿ ಸಪ್ಪಗ ಮಾಡ್ತದ. ಆರ್‌ಓ ನೀರಾಗ ರುಚಿ ಎಳಿಯೋ ಮೆಗ್ನೀಸಿಯಂ, ಕ್ಯಾಲ್ಸಿಯಂ ಭಾಳ ಕಡಿಮಿ. ಟಿಡಿಎಸ್ (ನೀರಾಗ ಕರಗಿದ ಲವಣ) ಅಳಿಯೋ ಮೀಟರ್ ಇದ್ರ, ಬೆರಸಿದ ನೀರು 150 ಪಿಪಿಎಂ ಆಸುಪಾಸು ತರ್ರಿ. ಆದ್ರ ಮೀಟರ್ ತೋರ್ಸೋದು ಒಟ್ಟು ಲವಣ ಅಷ್ಟೇ, ಯಾವ ಲವಣ ಅಂತ ಹೇಳಲ್ಲ. ಹಿಂಗಾಗಿ ನಿಮ್ಮ ಬೋರ್ ನೀರು ಉಪ್ಪುಪ್ಪಿದ್ರ ಈ ಉಪಾಯ ನಡಿಯಲ್ಲ. ಕುಡಿಲಿಕ್ಕಿ ಬರಲಾರದ ನೀರಂತೂ ಬ್ಯಾಡೇ ಬ್ಯಾಡ. ಚಿಕೋರಿ ಹಾಕಿ ಹಾಲು ಸುರಿಯೋ ಫಿಲ್ಟರ್ ಕಾಫಿಗಿ ಇಷ್ಟು ತಲಿ ಕೆಡಿಸ್ಕೋಬ್ಯಾಡ್ರಿ, ಅದ್ರಾಗ ಫರಕ ಅಷ್ಟಾಗಿ ಗೊತ್ತಾಗಲ್ಲ.