ಒಬ್ಬರ ಫೀಲ್ಡ್ ಪುಸ್ತಕ ಇನ್ನೊಬ್ಬರ ಕೈಗೆ: ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿ ನನ್ನ ಅನುಭವ

ಭೂವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಬ್ಬರು ಓದಿ ಬಳಸುವಂಥ ಫೀಲ್ಡ್ ಪುಸ್ತಕ ಬರೆಯುವುದನ್ನು ಕಲಿಸಲು ನನಗೆ ಮೂರು ವರ್ಷ ಹಿಡಿಯಿತು. ಈ ಸಲದ ಫೀಲ್ಡ್‌ನಲ್ಲಿ ಏಳು ಜೋಡಿಗಳ ಪೈಕಿ ಆರು ಜೋಡಿ ಬೇರೆಯವರ ಪುಸ್ತಕ ಹಿಡಿದುಕೊಂಡು ಹೋಗಿ, ಅದರಲ್ಲಿ ಬರೆದ ಔಟ್‌ಕ್ರಾಪ್‌ಗಳನ್ನೇ (ನೆಲದ ಮೇಲೆ ಕಾಣುವ ಬುಡದ ಬಂಡೆಗಳನ್ನೇ) ಹುಡುಕಿ, ಡಿಪ್ (ಕಲ್ಲಿನ ಪದರ ಎಷ್ಟು ಡಿಗ್ರಿ ವಾಲಿದೆ ಅನ್ನುವುದು) ಅಳೆದು ಬಂದವು. ವ್ಯತ್ಯಾಸ ಹೆಚ್ಚುಕಮ್ಮಿ ಐದು ಡಿಗ್ರಿ ಒಳಗೇ ಇತ್ತು. "ಇರೋದೇ ಆರು ದಿನ. ಅಳೆದ ಕಲ್ಲನ್ನೇ ಮತ್ತೆ ಅಳೆಯೋಕೆ ಒಂದು ದಿನ ಯಾಕೆ ಹಾಳು ಮಾಡ್ತೀಯ?" ಎಂದು ಕೇಳಿದ್ದ ಸೀನಿಯರ್‌ಗಳ ಮುಂದೆ ಆ ಪುಸ್ತಕಗಳನ್ನೇ ಇಟ್ಟೆ. ಒಬ್ಬರು ತಮ್ಮ ಬ್ಯಾಚಿಗೂ ಇದನ್ನೇ ಮಾಡುತ್ತೇನೆ ಎಂದರು. ಆ ದಿನ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಪಿಎಚ್‌ಡಿ ಮಾಡುತ್ತಾ ಟಿಎ ಕೆಲಸ ಮಾಡಿದವರಿಗೆ ಬ್ರಂಟನ್ (ದಿಕ್ಕು, ಡಿಪ್ ಎರಡನ್ನೂ ಅಳೆಯುವ ದಿಕ್ಸೂಚಿ) ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎಲ್ಲಿ ಎಡವಿದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲ ವರ್ಷ ಸ್ಟ್ರೈಕ್ (ವಾಲಿದ ಪದರದ ಮೇಲಿನ ಸಮತಲ ಗೆರೆಯ ದಿಕ್ಕು), ಡಿಪ್ ವಿವರಿಸಲು ಸುಮಾರು 40 ಸ್ಲೈಡ್ ಮಾಡಿದೆ. ಸಾಲದು ಅಂತ ಕಲ್ಲುಪದರ ಮಡಚಿದ ಮಡಿಕೆ, ಮುರಿದು ಸರಿದ ಸ್ತರಭಂಗಗಳ ತ್ರೀಡಿ ಪ್ರಿಂಟ್ ಮಾದರಿಗಳನ್ನು ಸ್ವಂತ ದುಡ್ಡಿನಲ್ಲಿ ಮಾಡಿಸಿದೆ. ಅರ್ಧ ತಿಂಗಳ ಸ್ಟೈಪೆಂಡ್ ಹೋಯಿತು. ವಿಭಾಗದಲ್ಲಿ ಅದಕ್ಕೆ ಹಣ ಇರಲಿಲ್ಲ. ಹುಡುಗರು ತಿರುಗಿಸಿ ನೋಡಿದರು, ಚೆನ್ನಾಗಿದೆ ಎಂದರು, ಕೆಳಗಿಟ್ಟರು. ಫೀಲ್ಡ್‌ಗೆ ಹೋದಾಗ 14 ಜನರಲ್ಲಿ ಎಂಟೊಂಬತ್ತು ಜನ ಕಣ್ಣಿಗೆ ಕಂಡ ಇಳಿಜಾರನ್ನೇ ಡಿಪ್ ಎಂದು ಬರೆದರು. 40 ಡಿಗ್ರಿ ವಾಲಿದ ಪದರವನ್ನು ಸ್ಟ್ರೈಕ್‌ಗೆ ಲಂಬವಾಗಿ ಅಳೆಯದೆ, ಅದಕ್ಕೆ 30 ಡಿಗ್ರಿ ಕೋನದಲ್ಲಿರುವ ಗೆರೆಯ ಮೇಲೆ ಅಳೆದರೆ 23 ಬರುತ್ತದೆ. ಬಂದಿದ್ದೂ ಅಂಥ ಅಂಕಿಗಳೇ. ಒಬ್ಬನ ಸ್ಟ್ರೈಕ್‌ಗಳೆಲ್ಲ ಸುಮಾರು 15 ಡಿಗ್ರಿ ಆಚೀಚೆ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ದಿನವಿಡೀ ದಿಕ್ಸೂಚಿ ನೋಡಿದ್ದ! ಫೋನ್ ಕವರಿನ ಆಯಸ್ಕಾಂತವೂ ಇದೇ ಕೆಲಸ ಮಾಡುತ್ತದೆ, ಅದನ್ನೂ ನೋಡಿಕೊಳ್ಳಿ.

ಎರಡನೇ ವರ್ಷ ಸ್ಲೈಡ್ ಬಿಟ್ಟೆ. ಒಂದು ದೊಡ್ಡ ಟಬ್, ಆರೇಳು ಪ್ಲೈವುಡ್ ಹಲಗೆ, ಮಾರ್ಕರ್, ಅಷ್ಟೇ. ಮಾದರಿಗಳಿಗೆ ಸುರಿದ ದುಡ್ಡಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಹಲಗೆಯನ್ನು ಓರೆಯಾಗಿ ನೀರಿಗೆ ಇಳಿಸಿದರೆ ನೀರು ಮುಟ್ಟಿದ ಗೆರೆಯೇ ಸ್ಟ್ರೈಕ್. ಮೇಲೆ ಒಂದು ಹನಿ ಬಿಟ್ಟರೆ ಅದು ಹರಿಯುವ ದಿಕ್ಕೇ ಡಿಪ್. ಇದು ಹಳೆಯ ಉಪಾಯ, ನಿಮಗೂ ಗೊತ್ತಿರುತ್ತದೆ. ನಾನು ಸೇರಿಸಿದ್ದು ಒಂದೇ. ಅವರ ಕೈಯಲ್ಲೇ ಬೇಕಂತಲೇ ತಪ್ಪು ಗೆರೆಯ ಮೇಲೂ ಅಳೆಸಿದೆ. 40 ಇರಬೇಕಾದ ಕಡೆ 23 ಬರುವುದನ್ನು ಅವರೇ ನೋಡಿದರು. ಆಮೇಲೆ ಆ ತಪ್ಪು ಬಹುಪಾಲು ನಿಂತೇಹೋಯಿತು.

ಅಳತೆ ಸರಿಹೋಯಿತು, ಬರವಣಿಗೆ ಸರಿಹೋಗಲಿಲ್ಲ. "ಮರದ ಹತ್ತಿರ ಕೆಂಪು ಕಲ್ಲು, ಡಿಪ್ 35" ಅಂತ ಬರೆದರೆ ಯಾವ ಮರ, ಯಾವ ಕಲ್ಲು, ಯಾವ ದಿಕ್ಕಿಗೆ 35? ನಾನು ಕೆಂಪು ಶಾಯಿಯಲ್ಲಿ ಎಷ್ಟು ಬರೆದರೂ ಯಾರೂ ಓದಲಿಲ್ಲ. ಪುಸ್ತಕ ಅದಲುಬದಲು ಮಾಡುವ ಯೋಚನೆ ಬಂದಿದ್ದು ಆಗ. ಮೊದಲ ದಿನ ಜೋಡಿಗಳು ತಮ್ಮ ಪಾಲಿನ ಔಟ್‌ಕ್ರಾಪ್ ನೋಡಿ ಬರೆಯುತ್ತಾರೆ. ಸಂಜೆ ಪುಸ್ತಕ ಬದಲಾಗುತ್ತದೆ. ಮಾರನೇ ದಿನ ಜಿಪಿಎಸ್ ಇಲ್ಲದೆ, ಬರೆದವರನ್ನು ಕೇಳದೆ, ಅದನ್ನು ಓದಿಯೇ ಜಾಗ ಹುಡುಕಬೇಕು. ಮತ್ತೆ ಅಳೆದು, ಸಿಗದ್ದನ್ನೂ ಅರ್ಥವಾಗದ್ದನ್ನೂ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆಯಬೇಕು.

ಮೊದಲ ಸಲ ಪೂರ್ತಿ ಕೆಟ್ಟಿತು. ಏಳರಲ್ಲಿ ಎರಡೇ ಜೋಡಿಗೆ ಎಲ್ಲ ಜಾಗ ಸಿಕ್ಕವು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ. ಅಂಕಿಗಳು ತಾಳೆಯಾದರೆ ಇಬ್ಬರಿಗೂ ಮಾರ್ಕ್ಸ್ ಅಂತ ಹೇಳಿದ್ದೆ. ರಾತ್ರಿಯೇ ಒಬ್ಬರಿಗೊಬ್ಬರು ಫೋನ್ ಮಾಡಿ ಅಂಕಿ ಹೊಂದಿಸಿಕೊಂಡರು. ತಪ್ಪು ನನ್ನದೇ, ಮಾರ್ಕ್ಸ್ ಹಾಕಿದ ಜಾಗ ತಪ್ಪು. ಮುಂದಿನ ಸಲ ತಾಳೆಗೆ ಒಂದು ಮಾರ್ಕೂ ಇಡಲಿಲ್ಲ. ಓದಿದವರು ಪೆನ್ಸಿಲಿನಲ್ಲಿ ಕೇಳಿದ ಪ್ರಶ್ನೆಗೆ, ಬರೆದವರು ಕೊಟ್ಟ ಉತ್ತರಕ್ಕೆ ಮಾತ್ರ ಇಟ್ಟೆ. ಫೋನು ನಿಂತಿತು. "ನೀನು ಬರೆದ ಹಳ್ಳ ಇದೇನಾ? ಎಡದಂಡೆಯೋ ಬಲದಂಡೆಯೋ?" ಅಂತ ಗೆಳೆಯ ಕೇಳಿದ ಮೇಲೆ ಅವರು ಬರೆಯುವ ರೀತಿಯೇ ಬದಲಾಯಿತು. ನನ್ನ ಕೆಂಪು ಶಾಯಿಗೆ ಆಗದ ಕೆಲಸ ಅದು.

ನೋಡಬೇಕಾದ ಔಟ್‌ಕ್ರಾಪ್‌ಗಳ ಪಟ್ಟಿಯಲ್ಲಿ ಪ್ರತಿ ಸಲ ಒಂದು ದೊಡ್ಡ ಉರುಳುಗಲ್ಲನ್ನೂ ಸೇರಿಸುತ್ತೇನೆ. ಪದರ ಚೆನ್ನಾಗಿ ಕಾಣುತ್ತದೆ, ಆದರೆ ಕಲ್ಲು ಬುಡದಿಂದ ಕಳಚಿ ಬಂದದ್ದು. ಅದರ ಡಿಪ್ ಅಳೆದು ಏನೂ ಪ್ರಯೋಜನ ಇಲ್ಲ. ಯಾರು ಮೊದಲು ಹೇಳುತ್ತಾರೆ ಅಂತ ಕಾಯುತ್ತೇನೆ. ಜೋಡಿಗಳನ್ನು ಹೇಗೆ ಹಾಕುತ್ತೇನೆ, ಯಾರ ಪುಸ್ತಕ ಯಾರಿಗೆ ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅರ್ಧ ಕೆಲಸ ಅಲ್ಲೇ ಇದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಗಾಜಿನ ಪೆಟ್ಟಿಗೆಯಲ್ಲಿ ಒಣ ಮರಳು, ಹಿಟ್ಟು ಪದರ ಪದರವಾಗಿ ಹಾಕಿ ಒಂದು ಗೋಡೆಯನ್ನು ತಳ್ಳುವುದು, ಎಳೆಯುವುದು. ಎಳೆದರೆ 60 ಡಿಗ್ರಿ ಆಸುಪಾಸಿನ ಕಡಿದಾದ ಸ್ತರಭಂಗ, ತಳ್ಳಿದರೆ 30ರ ಹತ್ತಿರದ್ದು. ನೋಡಲು ಬಹಳ ಚೆಂದ. ಆದರೆ ಒಂದು ಸಲ ಮಾಡಿ ತೊಳೆಯಲು ಇಡೀ ಸಂಜೆ ಬೇಕು, ಪೆಟ್ಟಿಗೆಯ ಅಂಟೂ ಎರಡು ಸಲ ಬಿಟ್ಟಿತು. ಈಗ ವರ್ಷಕ್ಕೊಮ್ಮೆ ಮಾತ್ರ.

ಪ್ರಾಜೆಕ್ಟಿಗೆ ನನ್ನ ಜೊತೆ ಸೇರಿದ ಒಬ್ಬ ಹುಡುಗಿಯ ವಿಷಯದಲ್ಲೂ ಮೊದಲು ಕೆಂಪು ಶಾಯಿಯ ತಪ್ಪನ್ನೇ ಮಾಡಿದ್ದೆ. ಅವಳ ಕರಡನ್ನು ಪೂರ್ತಿ ನಾನೇ ತಿದ್ದಿ ಬರೆದುಕೊಟ್ಟೆ. ಎರಡು ವಾರ ಮುಖ ತೋರಿಸಲಿಲ್ಲ. ಆಮೇಲೆ ಒಂದು ಪುಟಕ್ಕೆ ಮೂರಕ್ಕಿಂತ ಹೆಚ್ಚು ಗುರುತು ಹಾಕಬಾರದು ಅಂತ ನಿಯಮ ಮಾಡಿಕೊಂಡೆ. ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿಗೆ ಅಂಟಿಸಿ ತೆಳುವಾಗಿಸುವ ಕಲ್ಲಿನ ಚೂರು) ಉಜ್ಜುವಾಗಲೂ ಕೈ ಹಾಕಲಿಲ್ಲ. ಮೊದಲನೆಯದು ದಪ್ಪ ಉಳಿದು ಅದರಲ್ಲಿನ ಕ್ವಾರ್ಟ್ಜ್ ಖನಿಜ ಹಳದಿ ಬಂತು, ಮುಂದಿನ ಮೂರು ಉಜ್ಜಿ ಉಜ್ಜಿ ಹಾಳಾದವು. ಗಾಜು, ಅಂಟು, ಪುಡಿ ಎಲ್ಲ ಸೇರಿದರೂ ದೊಡ್ಡ ಖರ್ಚಲ್ಲ, ಸುಮ್ನೆ ನೋಡುತ್ತಾ ನಿಂತೆ. ಕಷ್ಟವಾಯಿತು, ನಿಜ. ಐದನೆಯದು ಬೇಕಾದ 30 ಮೈಕ್ರಾನ್ (0.03 ಮಿ.ಮೀ.) ದಪ್ಪದ ಹತ್ತಿರ ಬಂದು ಕ್ವಾರ್ಟ್ಜ್ ಬೂದು ಬಣ್ಣಕ್ಕೆ ತಿರುಗಿತು. ನಾನು ಹೇಳುವ ಮೊದಲೇ ಅವಳು ನಿಲ್ಲಿಸಿದಳು. ಈಗ ಜೂನಿಯರ್‌ಗಳಿಗೆ ಅವಳೇ ಹೇಳಿಕೊಡುತ್ತಾಳೆ.

ಪುಸ್ತಕಗಳನ್ನು ಈ ಸಲ ವಾಪಸ್ ಕೊಟ್ಟಿಲ್ಲ, ಅವರ ಒಪ್ಪಿಗೆ ಕೇಳಿ ಇಟ್ಟುಕೊಂಡಿದ್ದೇನೆ. ಮುಂದಿನ ಬ್ಯಾಚ್ ಮೊದಲ ದಿನ ಇವುಗಳನ್ನು ಹಿಡಿದೇ ಹೊರಡಬೇಕು. ಎರಡು ಔಟ್‌ಕ್ರಾಪ್‌ಗಳ ಮೇಲೆ ಆಗಲೇ ಮಣ್ಣು ಕುಸಿದಿದೆ. ಅವನ್ನು ಪಟ್ಟಿಯಿಂದ ತೆಗೆದಿಲ್ಲ. ಪೆನ್ಸಿಲಿನಲ್ಲಿ ಏನು ಬರೆಯುತ್ತಾರೋ ನೋಡಬೇಕು.