ಹಳೆಯ ಸರ್ವರನ್ನು ನಿವೃತ್ತಿಗೊಳಿಸುವ ಬಗೆ

ಬೆಂಗಳೂರಿನ ಬಳಗವೊಂದು ವರ್ಷಗಟ್ಟಲೆ ನೆಚ್ಚಿಕೊಂಡ ಸರ್ವರನ್ನು ನಿಲ್ಲಿಸುವ ಮೊದಲು, ಅದರಲ್ಲಿ ಯಾರ ಯಾವ ಕೆಲಸ ನಡೆಯುತ್ತಿದೆ ಎಂಬುದನ್ನು ಲಾಗ್‌ಗಳಿಂದಲೂ (ಯಂತ್ರದ ಚಟುವಟಿಕೆಯ ದಾಖಲೆಗಳು) ಕ್ರಾನ್ ಪಟ್ಟಿಯಿಂದಲೂ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸಗಳ ಪಟ್ಟಿ) ತಿಳಿಯಬೇಕು. ತಿಂಗಳಿಗೊಮ್ಮೆ ಮಾತ್ರ ಓಡುವ ಕೆಲಸಗಳು ಸುಲಭವಾಗಿ ಮರೆತುಹೋಗುವುದರಿಂದ ಕನಿಷ್ಠ ಒಂದು ಪೂರ್ಣ ತಿಂಗಳು ಗಮನಿಸುವುದು ಒಳ್ಳೆಯದು. ಯಂತ್ರದಲ್ಲಿ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದ್ದರೆ ವಿಳಂಬ ಸಲ್ಲದು, ಏಕೆಂದರೆ ಆ ಆವೃತ್ತಿಯ ಭದ್ರತಾ ಪರಿಷ್ಕರಣೆಗಳು 2024ರ ಜೂನ್ 30ಕ್ಕೆ ಕೊನೆಗೊಂಡಿವೆ.

ಕಡತಗಳನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಹೊಸ ಸರ್ವರಿಗೆ ನಕಲಿಸಿ, ಡೇಟಾಬೇಸನ್ನು ಡಂಪ್ (ಎಲ್ಲ ಮಾಹಿತಿಯನ್ನು ಕಡತವಾಗಿ ಹೊರತೆಗೆದ ಪ್ರತಿ) ತೆಗೆದೇ ಸಾಗಿಸಿ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ಹಳೆಯ ಕನ್ನಡ ಬರಹಗಳ ವಿಷಯದಲ್ಲಿ: ಅವು ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿದ್ದರೆ, ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುವುದುಂಟು. ಆದ್ದರಿಂದ ಮೂಲಪ್ರತಿಯನ್ನು ಎಂದಿಗೂ ಅಳಿಸದೆ ಬ್ಯಾಕಪ್‌ನಲ್ಲಿ ಉಳಿಸಿಕೊಂಡು, ಪರಿವರ್ತಿತ ಪುಟಗಳನ್ನು ಕಣ್ಣಾರೆ ಓದಿ ತಾಳೆ ನೋಡಿ. ಬೇರೆಲ್ಲೂ ಸಿಗದ ಬರಹ ಒಮ್ಮೆ ಹೋದರೆ ಮರಳಿ ಬಾರದು.

ತಾಣದ ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಟಿಟಿಎಲ್ (ಇತರ ಯಂತ್ರಗಳು ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡು, ಅಂದರೆ ಒಂದು ದಿನ ಇದ್ದರೆ, ವಿಳಾಸವನ್ನು ಹೊಸ ಸರ್ವರಿಗೆ ಬದಲಾಯಿಸುವುದಕ್ಕೆ ಒಂದು ದಿನಕ್ಕಿಂತ ಮೊದಲೇ 300ಕ್ಕೆ ಇಳಿಸಿ. ಹಳೆಯ ಯಂತ್ರವನ್ನು ಕೆಲವು ವಾರ ಓದಲು ಮಾತ್ರ ತೆರೆದಿಟ್ಟು, ಬ್ಯಾಕಪ್‌ನಿಂದ ಕಡತಗಳನ್ನು ನಿಜವಾಗಿಯೂ ಮರಳಿ ಪಡೆದು ನೋಡಿದ ಮೇಲೆಯೇ ಡಿಸ್ಕ್‌ಗಳನ್ನು ಪೂರ್ಣವಾಗಿ ಅಳಿಸಿ. ಯಂತ್ರವನ್ನು ಗುಜರಿಗೆ ಹಾಕದೆ, 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ.